ಸಹಿ ಒಬ್ಬರದು, ಬರಹ ಇನ್ನೊಬ್ಬರದು

ತಾಲ್ಲೂಕು ಕಚೇರಿಯಿಂದ ಹೊರಬೀಳುವ ಆದೇಶದ ಕೆಳಗೆ ತಹಶೀಲ್ದಾರರ ಸಹಿ ಇರುತ್ತದೆ. ಆದರೆ ಆದೇಶದ ಒಕ್ಕಣೆ ಬಹುಪಾಲು ಅವರದಾಗಿರುವುದಿಲ್ಲ. ಅದನ್ನು ಮೊದಲು ಬರೆದವರು ಒಳಕೋಣೆಯಲ್ಲಿ ಕಡತಗಳ ನಡುವೆ ಕೂತಿರುವ ದ್ವಿತೀಯ ದರ್ಜೆ ಸಹಾಯಕರು. ಈಗಿನವರು ಅವರನ್ನು ಎಸ್‌ಡಿಎ ಎನ್ನುತ್ತಾರೆ, ಹಳಬರು ಗುಮಾಸ್ತರು ಎನ್ನುತ್ತಾರೆ. ಆಡಳಿತದ ಕುರಿತ ನಮ್ಮ ಚರ್ಚೆಯೆಲ್ಲ ಸಹಿಯ ಸುತ್ತಲೇ ತಿರುಗುತ್ತದೆ. ಮಂತ್ರಿ ಏನು ಘೋಷಿಸಿದರು, ಜಿಲ್ಲಾಧಿಕಾರಿ ಎಂಥವರು, ಯಾರ ವರ್ಗಾವಣೆ ಯಾಕಾಯಿತು ಎಂಬುದೆಲ್ಲ ಸುದ್ದಿಯಾಗುತ್ತದೆ. ಆ ಸಹಿಯ ಮೇಲಿನ ಬರಹ ಯಾರ ಕೈಯಲ್ಲಿ, ಯಾವ ತಿಳಿವಳಿಕೆಯಿಂದ, ಎಷ್ಟು ಅವಸರದಲ್ಲಿ ಹುಟ್ಟಿತು ಎಂದು ಕೇಳುವವರು ಕಡಿಮೆ.

ಕಚೇರಿಯ ಅತ್ಯಂತ ಕೆಳಗಿನ ಮೇಜಿನ ಕೆಲಸವೆಂದರೆ ನಕಲು ತೆಗೆಯುವುದು, ಮೊಹರು ಒತ್ತುವುದು, ತಲೆ ಓಡಿಸಬೇಕಿಲ್ಲ ಎಂದು ನಾವು ತಿಳಿದಿದ್ದೇವೆ. ಹಾಗೆ ತಿಳಿದದ್ದರಿಂದಲೇ ಅದಕ್ಕೆ ತಕ್ಕ ತರಬೇತಿ ಕೊಡಲಿಲ್ಲ, ಹುದ್ದೆಗಳನ್ನು ಹೊತ್ತಿಗೆ ಸರಿಯಾಗಿ ತುಂಬಲಿಲ್ಲ, ಹೆಸರು ಹಿಡಿದು ಹೊಣೆ ಹೊರಿಸಲೂ ಇಲ್ಲ. ವಾಸ್ತವದಲ್ಲಿ ಆ ಮೇಜಿನಲ್ಲಿ ತೀರ್ಮಾನದ ಮೊದಲ ಅರ್ಧ ನಡೆದುಹೋಗುತ್ತದೆ. ಅಧಿಕಾರ ಅಲ್ಲಿ ಈಗಾಗಲೇ ಇದೆ, ಅದಕ್ಕೆ ಹೆಸರಿಲ್ಲ ಅಷ್ಟೆ. ಹೆಸರಿಲ್ಲದ ಅಧಿಕಾರ ಜನರಿಗೂ ಕೆಟ್ಟದ್ದು, ಅದನ್ನು ಹೊತ್ತ ನೌಕರನಿಗೂ ಕೆಟ್ಟದ್ದು ಎಂಬುದು ಈ ಲೇಖನದ ವಾದ.

ಒಂದು ಅರ್ಜಿಯ ದಾರಿಯನ್ನು ನೋಡೋಣ. ಟಪ್ಪಾಲಿನಲ್ಲಿ ಬಂದ ಕಾಗದಕ್ಕೆ ದಿನಾಂಕದ ಮೊಹರು ಬೀಳುತ್ತದೆ, ವಹಿಯಲ್ಲಿ ಸಂಖ್ಯೆ ಸಿಗುತ್ತದೆ. ಅಧಿಕಾರಿ ಅದರ ಮೇಲೆ ಕಣ್ಣಾಡಿಸಿ ಶಾಖೆಯ ಗುರುತು ಹಾಕುತ್ತಾರೆ. ಅಲ್ಲಿಂದ ಅದು ವಿಷಯ ನಿರ್ವಾಹಕರ, ಅಂದರೆ ಕೇಸ್ ವರ್ಕರ್ ಮೇಜಿಗೆ ಬರುತ್ತದೆ. ಸಂಬಂಧಪಟ್ಟ ಹಳೆಯ ಕಡತವಿದ್ದರೆ ಅವರು ಹುಡುಕಿ ಜೋಡಿಸಬೇಕು, ಇಲ್ಲದಿದ್ದರೆ ಹೊಸದು ತೆರೆಯಬೇಕು. ಟಿಪ್ಪಣಿ ಹಾಳೆಯಲ್ಲಿ ಕಂಡಿಕೆಗಳಿಗೆ ಸಂಖ್ಯೆ ಹಾಕಿ, ವಿಷಯವೇನು, ಯಾವ ನಿಯಮ ಅನ್ವಯಿಸುತ್ತದೆ, ಹಿಂದೆ ಇಂಥದ್ದು ಬಂದಾಗ ಏನು ಮಾಡಿದ್ದರು, ಈಗ ಏನು ಮಾಡಬಹುದು ಎಂದು ಬರೆದು, ‘ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಮುಗಿಸಬೇಕು. ಟಿಪ್ಪಣಿ ಶಿರಸ್ತೇದಾರರನ್ನು ದಾಟಿ ತಹಶೀಲ್ದಾರರನ್ನು ಮುಟ್ಟುತ್ತದೆ. ಒಪ್ಪಿಗೆಯಾಗಿ ಹಿಂದಿರುಗಿದರೆ ಕರಡು ಸಿದ್ಧವಾಗಬೇಕು, ಕರಡು ಒಪ್ಪಿಗೆಯಾದರೆ ಶುದ್ಧ ಪ್ರತಿ, ಸಹಿಯಾದರೆ ರವಾನೆ. ಕಡತ ಏರಿ ಇಳಿದು ಮತ್ತೆ ಏರಿ ಇಳಿಯುವ ಈ ನಡಿಗೆ ಶುರುವಾಗುವುದೂ ಮುಗಿಯುವುದೂ ಅದೇ ಕೆಳಗಿನ ಮೇಜಿನಲ್ಲಿ.

ನಿಯಮದ ಪ್ರಕಾರ ಕೇಸ್ ವರ್ಕರ್‌ಗೆ ಯಾವುದನ್ನೂ ತೀರ್ಮಾನಿಸುವ ಅಧಿಕಾರವಿಲ್ಲ. ಅವರ ಕೈಯಲ್ಲಿ ಇರುವುದು ಆಯ್ಕೆಗಳು. ಯಾವ ಅರ್ಜಿಯನ್ನು ಮೊದಲು ಮೇಲೆ ಕಳಿಸಬೇಕು? ಅನುಕೂಲವಾಗುವ ಸುತ್ತೋಲೆಯನ್ನು ಉಲ್ಲೇಖಿಸಬೇಕೋ, ತೊಡಕಾಗುವ ಸುತ್ತೋಲೆಯನ್ನೋ? ಒಂದು ದಾಖಲೆ ಕಡಿಮೆ ಇದ್ದರೆ ಅರ್ಜಿದಾರರಿಗೆ ಫೋನ್ ಮಾಡಿ ತರಿಸಿಕೊಳ್ಳಬೇಕೋ, ತಕರಾರು ಬರೆದು ವಾಪಸ್ ಕಳಿಸಬೇಕೋ? ‘ಪರಿಶೀಲಿಸಬಹುದು’ ಎನ್ನಬೇಕೋ, ‘ಅವಕಾಶವಿರುವುದಿಲ್ಲ’ ಎನ್ನಬೇಕೋ? ದಿನಕ್ಕೆ ನೂರಾರು ಕಡತ ನೋಡುವ ಅಧಿಕಾರಿ ಪ್ರತಿಯೊಂದರ ಬುಡಕ್ಕೆ ಇಳಿಯಲಾರರು. ಅವರು ಓದುವುದು ಟಿಪ್ಪಣಿಯ ಕೊನೆಯ ಕಂಡಿಕೆ. ಆ ಕಂಡಿಕೆ ತೋರಿಸಿದ ಕಡೆಗೇ ಬಹಳಷ್ಟು ಸಹಿಗಳು ಬೀಳುತ್ತವೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್ಕಿ 1980ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಜನರನ್ನು ನೇರ ಎದುರಿಸುವ ಕೆಳಹಂತದ ನೌಕರರು ದಿನನಿತ್ಯ ಮಾಡುವ ಆಯ್ಕೆಗಳೆಲ್ಲ ಸೇರಿಯೇ ಜನರ ಅನುಭವಕ್ಕೆ ಬರುವ ಸರ್ಕಾರಿ ನೀತಿಯಾಗುತ್ತದೆ ಎಂದು ವಾದಿಸಿದ. ನಮ್ಮ ಹಳ್ಳಿಗರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿದೆ. ಕಚೇರಿಗೆ ಹೋದವರು ಸಾಹೇಬರು ಇದ್ದಾರೆಯೇ ಎಂದು ಕೇಳುವ ಮೊದಲು ಕೇಸ್ ವರ್ಕರ್ ಬಂದಿದ್ದಾರೆಯೇ ಎಂದು ಕೇಳುತ್ತಾರೆ.

ಪೌತಿ ಖಾತೆಯನ್ನೇ ತೆಗೆದುಕೊಳ್ಳಿ. ಜಮೀನಿನ ಯಜಮಾನ ತೀರಿಕೊಂಡ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಬರಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಗ್ರಾಮ ಆಡಳಿತ ಅಧಿಕಾರಿಯ ವರದಿ, ನೋಟಿಸು, ತಕರಾರಿಗೆ ಕಾಲಾವಕಾಶ, ಕೊನೆಗೆ ಮ್ಯುಟೇಶನ್. ಇಡೀ ಸರಣಿ ನಿಂತಿರುವುದು ವಂಶವೃಕ್ಷದ ಮೇಲೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕ 1994ರಲ್ಲಿಯೇ ತಿದ್ದುಪಡಿ ತಂದು, ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಷರತ್ತೂ ಹೋಯಿತು. 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಅದೊಂದೇ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಧಾನಸಭೆ, ಸಂಸತ್ತು, ಸರ್ವೋಚ್ಚ ನ್ಯಾಯಾಲಯ ಮೂರೂ ಹೆಣ್ಣುಮಕ್ಕಳ ಹಕ್ಕಿನ ಪರ ನಿಂತ ಮೇಲೂ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಹೆಸರು ವಂಶವೃಕ್ಷದಲ್ಲಿ ಇದೆಯೇ ಇಲ್ಲವೇ ಎಂದು ನೋಡಬೇಕಾದವರು ಗ್ರಾಮ ಆಡಳಿತ ಅಧಿಕಾರಿ ಮತ್ತು ತಾಲ್ಲೂಕು ಕಚೇರಿಯ ಕೇಸ್ ವರ್ಕರ್. ಅಣ್ಣತಮ್ಮಂದಿರು ಬರೆದುಕೊಟ್ಟದ್ದನ್ನು ಹಾಗೆಯೇ ಒಪ್ಪಿ ಮುಂದೆ ಕಳಿಸಿದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ. ‘ಹೆಣ್ಣುಮಕ್ಕಳು ಎಷ್ಟು ಜನ, ಅವರಿಗೆ ನೋಟಿಸು ಹೋಗಿದೆಯೇ’ ಎಂದು ಒಂದು ಸಾಲು ಬರೆದರೆ ಕಾನೂನು ಹೊಲಕ್ಕೆ ಇಳಿಯುತ್ತದೆ. ಇಷ್ಟು ತೂಕದ ಸಾಲನ್ನು ಬರೆಯುವವರ ಕೆಲಸವನ್ನು ಯಾಂತ್ರಿಕ ಎನ್ನುವುದು ಹೇಗೆ?

ಈ ಮೇಜಿನ ಬಿಸಿ ಸರ್ಕಾರಿ ನೌಕರರಿಗೂ ತಟ್ಟುತ್ತದೆ. ಸೇವಾ ಪುಸ್ತಕ ಬರೆಯುವುದು ಸಿಬ್ಬಂದಿ ಶಾಖೆಯ ಗುಮಾಸ್ತರ ಕೆಲಸ. ವಾರ್ಷಿಕ ವೇತನ ಬಡ್ತಿ, ರಜೆ, ವರ್ಗಾವಣೆ, ನಾಮನಿರ್ದೇಶನ ಎಲ್ಲವೂ ಅದರಲ್ಲಿ ದಾಖಲಾಗಿ ದೃಢೀಕರಣವಾಗಬೇಕು. ಮೂವತ್ತು ವರ್ಷ ದುಡಿದ ಮೇಷ್ಟ್ರು ನಿವೃತ್ತರಾದಾಗ, ಎಂದೋ ಒಂದು ವರ್ಷ ಬಿಟ್ಟುಹೋದ ನಮೂದಿನಿಂದಾಗಿ ಪಿಂಚಣಿ ಕಡತ ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆ ಹೊತ್ತು ಹಿಂದಿರುಗುತ್ತದೆ. ಆ ಸಾಲು ಬಿಟ್ಟವರು ಅಷ್ಟರಲ್ಲಿ ಎಲ್ಲಿಗೋ ವರ್ಗವಾಗಿರುತ್ತಾರೆ ಅಥವಾ ತಾವೂ ನಿವೃತ್ತರಾಗಿರುತ್ತಾರೆ. ಬರೆಯದೆ ಬಿಟ್ಟ ಒಂದು ಸಾಲಿನ ಬೆಲೆಯನ್ನು ಬರೆಯದವರು ತೆರುವುದಿಲ್ಲ.

ಇಂಥ ಕೆಲಸಕ್ಕೆ ಜನರನ್ನು ನಾವು ಆರಿಸುವುದು ಹೇಗೆ? 1951ರಲ್ಲಿ ಸ್ಥಾಪನೆಯಾದ ಕರ್ನಾಟಕ ಲೋಕಸೇವಾ ಆಯೋಗ ಪ್ರಥಮ ದರ್ಜೆಗೆ (ಎಫ್‌ಡಿಎ) ಪದವಿಯನ್ನೂ ದ್ವಿತೀಯ ದರ್ಜೆಗೆ ಪಿಯುಸಿಯನ್ನೂ ಅರ್ಹತೆಯಾಗಿಟ್ಟು ಪರೀಕ್ಷೆ ನಡೆಸುತ್ತ ಬಂದಿದೆ. ಪಿಯುಸಿ ಸಾಕಾಗುವ ಹುದ್ದೆಗೆ ಪದವೀಧರರು, ಸ್ನಾತಕೋತ್ತರ ಪದವೀಧರರು, ಎಂಜಿನಿಯರುಗಳು ಅರ್ಜಿ ಹಾಕುತ್ತಾರೆ. ಧಾರವಾಡದ ಕೋಚಿಂಗ್ ಕೇಂದ್ರಗಳಲ್ಲಿ, ಬೆಂಗಳೂರಿನ ವಿಜಯನಗರದ ಓದುಕೋಣೆಗಳಲ್ಲಿ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ವರ್ಷಗಟ್ಟಲೆ ಕೂತು ಓದುತ್ತಾರೆ. ಅಧಿಸೂಚನೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದರೂ ಪರೀಕ್ಷೆ ಹೇಳಿದ ದಿನ ನಡೆಯುತ್ತದೆಂಬ ಖಾತ್ರಿಯಿಲ್ಲ. 2021ರ ಜನವರಿ 24ಕ್ಕೆ ನಿಗದಿಯಾಗಿದ್ದ ಎಫ್‌ಡಿಎ ಪರೀಕ್ಷೆ, ಪ್ರಶ್ನೆಪತ್ರಿಕೆ ಸೋರಿಕೆಯಾದದ್ದು ಹಿಂದಿನ ದಿನ ಬಯಲಾಗಿ ಮುಂದೆ ಹೋಯಿತು. ಬದುಕಿನ ಅತ್ಯುತ್ತಮ ವರ್ಷಗಳನ್ನು ಕಾಯುವುದರಲ್ಲಿ ಕಳೆದು ಕೆಲಸಕ್ಕೆ ಸೇರಿದವರ ಮನಸ್ಸಿನಲ್ಲಿ ವ್ಯವಸ್ಥೆಯ ಬಗ್ಗೆ ಗೌರವ ಎಷ್ಟು ಉಳಿದಿರುತ್ತದೆ ಎಂದು ಯೋಚಿಸಬೇಕು.

ಪರೀಕ್ಷೆಗೂ ಕೆಲಸಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿದರೆ ಅಂಕ ಬರುತ್ತದೆ. ಹತ್ತು ಪುಟದ ಗೊಂದಲದ ಅರ್ಜಿಯನ್ನು ಐದು ಸಾಲಿಗೆ ಇಳಿಸುವುದು, ಎರಡು ಸುತ್ತೋಲೆಗಳಲ್ಲಿ ಯಾವುದು ಜಾರಿಯಲ್ಲಿದೆ ಎಂದು ಪತ್ತೆಹಚ್ಚುವುದು, ಸಾಮಾನ್ಯರಿಗೆ ಅರ್ಥವಾಗುವ ಹಾಗೆ ಉತ್ತರ ಬರೆಯುವುದು ಈ ಕೆಲಸದ ತಿರುಳು. ಇವುಗಳಲ್ಲಿ ಅಭ್ಯರ್ಥಿಯ ಕೈ ಎಷ್ಟು ಪಳಗಿದೆ ಎಂಬುದು ಆಯ್ಕೆಯನ್ನು ತೀರ್ಮಾನಿಸುವುದಿಲ್ಲ. ಸೇರಿದ ಮೇಲೆ ಇಲಾಖಾ ಪರೀಕ್ಷೆಗಳಿವೆ, ಅಕೌಂಟ್ಸ್ ಲೋಯರ್, ಜನರಲ್ ಲಾ ಇತ್ಯಾದಿ. 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ಅವನ್ನು ಪಾಸು ಮಾಡುವುದು ಬಡ್ತಿಗೆ, ವೇತನ ಬಡ್ತಿಗೆ ಬೇಕು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಜಿಲ್ಲಾ ತರಬೇತಿ ಸಂಸ್ಥೆಗಳೂ ಇವೆ. ಆದರೆ ಹೊಸಬರು ಮೇಜಿಗೆ ಕೂತ ಮೊದಲ ದಿನವೇ ಕಡತಗಳ ರಾಶಿ ಎದುರಾಗುತ್ತದೆ. ಸಿಗುವ ಪಾಠ ಒಂದೇ: ‘ಹಳೇ ಕಡತ ನೋಡ್ಕೊಂಡು ಬರೀರಿ.’ ಹಳೆಯ ಕಡತದಲ್ಲಿ ಸರಿ ಇದ್ದರೆ ಸರಿ ಮುಂದುವರಿಯುತ್ತದೆ, ತಪ್ಪಿದ್ದರೆ ತಪ್ಪೂ ಪದ್ಧತಿಯಾಗುತ್ತದೆ. ಅನುಕಂಪದ ಆಧಾರದ ಮೇಲೆ ನೇಮಕವಾದವರ ಕಷ್ಟ ಇನ್ನೊಂದು ಬಗೆಯದು. ತಂದೆಯನ್ನೋ ಗಂಡನನ್ನೋ ಕಳೆದುಕೊಂಡ ದುಃಖ ಆರುವ ಮುನ್ನ ಅವರು ಅದೇ ಇಲಾಖೆಯ ಮೇಜಿನಲ್ಲಿ ಕೂರುತ್ತಾರೆ. ಅವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯೂ ಇರುವುದಿಲ್ಲ, ಕೆಲಸ ಕಲಿಸುವವರೂ ಇರುವುದಿಲ್ಲ.

ಕಲಿಸಬೇಕಾದ ಹಿರಿಯರ ಜಾಗವೇ ಅನೇಕ ಕಡೆ ಖಾಲಿ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ ಎಂಬುದು ಸರ್ಕಾರವೇ ಒಪ್ಪಿಕೊಂಡಿರುವ ಸಂಗತಿ. ಹೀಗಾಗಿ ಒಬ್ಬರು ಎರಡು ಮೂರು ಮೇಜುಗಳ ಪ್ರಭಾರ ಹೊರುತ್ತಾರೆ. ಜೊತೆಗೆ ಚುನಾವಣೆ, ಸಮೀಕ್ಷೆ, ವಿಡಿಯೊ ಕಾನ್ಫರೆನ್ಸ್‌ಗೆ ಅಂಕಿಅಂಶ. ‘ಇಂದು ಸಂಜೆಯೊಳಗೆ’ ಎಂಬ ತುರ್ತಿನ ಮುಂದೆ ಬಡವರ ಅರ್ಜಿ ಹಿಂದೆ ಸರಿಯುತ್ತದೆ. ಗುಮಾಸ್ತರನ್ನು ಸೋಮಾರಿಗಳೆಂದು ಬೈಯುವವರು ಒಂದು ಮೇಜಿನಲ್ಲಿ ಎಷ್ಟು ಮೇಜುಗಳ ಕೆಲಸವಿದೆ ಎಂದೂ ನೋಡಬೇಕು.

ಸರ್ಕಾರ ಇದಕ್ಕೆ ಕಂಡುಕೊಂಡ ಪರಿಹಾರ ಹೊರಗುತ್ತಿಗೆ. ಏಜೆನ್ಸಿಯ ಮೂಲಕ ಬರುವ ಡೇಟಾ ಎಂಟ್ರಿ ಆಪರೇಟರ್‌ಗಳು ಇಂದು ಎಷ್ಟೋ ಕಚೇರಿಗಳ ನಿಜವಾದ ಗುಮಾಸ್ತರು. ಅಧಿಕಾರಿಯ ಲಾಗಿನ್ ಬಳಸಿ ಕಡತ ಸರಿಸುವವರೂ ಅವರೇ ಆಗಿರುತ್ತಾರೆ. ಅವರ ಸಂಬಳ ಕಡಿಮೆ, ಕೆಲಸ ಉಳಿಯುವ ಭರವಸೆಯಿಲ್ಲ, ತಪ್ಪಾದರೆ ಮೊದಲು ಮನೆಗೆ ಹೋಗುವವರು ಅವರು. ಎಸ್‌ಡಿಎ ಮೇಜಿನಲ್ಲಿ ಹೆಸರಿಲ್ಲದ ಅಧಿಕಾರ ಇತ್ತು. ಇಲ್ಲಿ ನೇಮಕಾತಿ ಪತ್ರವೂ ಇಲ್ಲದ ಅಧಿಕಾರ ಸೃಷ್ಟಿಯಾಗಿದೆ.

ಇದರಲ್ಲಿ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಅಡಗಿದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ನೇಮಿಸಿದ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಕೆಳಗಿನ ಹುದ್ದೆಗೆ ಹೆಚ್ಚಿನ ಪ್ರಮಾಣ ಇಟ್ಟದ್ದನ್ನು ಗಮನಿಸಬೇಕು. ಅಕ್ಷರದ ಬಾಗಿಲು ಹೊಸದಾಗಿ ತೆರೆದ ಸಮುದಾಯಗಳಿಗೆ ಕಚೇರಿಯ ಒಳಗೆ ಕಾಲಿಡಲು ಗುಮಾಸ್ತಿಕೆಯೇ ಮೊದಲ ಮೆಟ್ಟಿಲು. ಮನೆತನದಲ್ಲಿ ಮೊದಲ ಬಾರಿ ಓದಿದ ಮಗನೋ ಮಗಳೋ ಎಸ್‌ಡಿಎ ಆದಾಗ, ಆ ಊರಿನ ಜನ ಕಚೇರಿಯ ಒಳಗೆ ತಮ್ಮವರೊಬ್ಬರು ಇದ್ದಾರೆ ಎಂದು ಧೈರ್ಯದಿಂದ ಹೊಸ್ತಿಲು ದಾಟುತ್ತಾರೆ. ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ, ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ರಕ್ಷಣೆ ಇವುಗಳ ಫಲ ಹೆಚ್ಚು ಜನರಿಗೆ ಸಿಗುವುದು ಸಿ ಗುಂಪಿನ ಹುದ್ದೆಗಳಲ್ಲೇ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂಬ ಆದೇಶವಿದೆ, ಸರಿ. ಆದರೆ ನವೀಕರಣಕ್ಕಾಗಿ ಗುತ್ತಿಗೆದಾರರ ಮುಖ ನೋಡುವ ಕೆಲಸ ಒಂದು ಕುಟುಂಬವನ್ನು ಮೇಲೆತ್ತಲಾರದು, ಅನ್ಯಾಯದ ಕಡತವೊಂದಕ್ಕೆ ‘ಆಗುವುದಿಲ್ಲ’ ಎಂದು ಬರೆಯುವ ಧೈರ್ಯವನ್ನೂ ಕೊಡಲಾರದು. ಹುದ್ದೆಯ ಭದ್ರತೆ ಇರುವುದು ನೌಕರರ ನೆಮ್ಮದಿಗೆ ಮಾತ್ರವಲ್ಲ, ಮೇಲಿನವರಿಗೆ ಇಷ್ಟವಾಗದ ಸತ್ಯವನ್ನು ಟಿಪ್ಪಣಿಯಲ್ಲಿ ಬರೆಯುವುದಕ್ಕೂ ಅದು ಬೇಕು.

ಕಂಪ್ಯೂಟರ್ ಬಂದಮೇಲೆ ಗುಮಾಸ್ತರ ಅಗತ್ಯವೇನು ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. 2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಮ್ಯುಟೇಶನ್‌ಗೆ ಮೊದಲು ಬಂದ ಅರ್ಜಿ ಮೊದಲು ವಿಲೇ ಆಗಬೇಕೆಂಬ ಸರದಿ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಿದ್ದರು. ಯಾವ ಅರ್ಜಿಯನ್ನು ಮೊದಲು ಎತ್ತಿಕೊಳ್ಳಬೇಕು ಎಂಬ ಆಯ್ಕೆ ಮೇಜಿನಿಂದ ಜಾರಿತು. ಇದು ದೊಡ್ಡ ಗೆಲುವು.

ಆದರೆ ಯಂತ್ರ ಕಿತ್ತುಕೊಂಡದ್ದು ಸರದಿಯ ಆಯ್ಕೆಯನ್ನು. ತಿಳಿವಳಿಕೆಯ ಆಯ್ಕೆಯನ್ನು ಅದು ಮುಟ್ಟಲಿಲ್ಲ. ಕಂಪ್ಯೂಟರಿಗೆ ಏರಿಸುವಾಗ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ, ಗುಂಟೆಯ ಲೆಕ್ಕ ತಪ್ಪಿದರೆ, ತಿದ್ದುಪಡಿಗೆ ರೈತರು ಮತ್ತೆ ಅರ್ಜಿ ಕೊಟ್ಟು ಮೂಲ ದಾಖಲೆ ತೋರಿಸಿ ಕಾಯಬೇಕು. ಆಗ ಮೂಲ ದಾಖಲೆಯನ್ನು ಹುಡುಕಿ, ಓದಿ, ತಪ್ಪು ಯಾರದೆಂದು ಬರೆಯುವವರು ಬೇಕೇ ಬೇಕು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದುದ್ದಕ್ಕೂ ಮುಷ್ಕರ ಹೂಡಿದಾಗ ಅವರ ಮುಖ್ಯ ದೂರುಗಳಲ್ಲಿ ಒಂದು ಮೊಬೈಲ್ ಆ್ಯಪ್‌ಗಳ ಹೊರೆ. ಒಂದರ ಮೇಲೊಂದು ಆ್ಯಪ್ ಕೊಟ್ಟಿರಿ, ತಕ್ಕ ಮೊಬೈಲು, ಲ್ಯಾಪ್‌ಟಾಪು, ಕೂರಲು ಕಚೇರಿ ಕೊಡಲಿಲ್ಲ ಎಂದು ಅವರು ಹೇಳಿದರು. ತಂತ್ರಜ್ಞಾನ ಕೆಲಸವನ್ನು ಕಡಿಮೆ ಮಾಡುತ್ತದೆ ಎಂದುಕೊಂಡವರಿಗೆ ಆ ಮುಷ್ಕರ ಒಂದು ಉತ್ತರ.

ಕಾಲಮಿತಿಯ ಕಾನೂನೂ ಹೀಗೆಯೇ ಅರ್ಧ ದಾರಿ ಬಂದು ನಿಂತಿದೆ. 2011ರ ಕಾಯ್ದೆಯ ಆಧಾರದ ಮೇಲೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ 11 ಇಲಾಖೆಗಳ 151 ಸೇವೆಗಳಿಂದ ಶುರುವಾಯಿತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಹಣ ಚಿಕ್ಕದು, ತತ್ವ ದೊಡ್ಡದು: ಸರ್ಕಾರಕ್ಕೂ ಗಡುವು ಇದೆ ಎಂದು ಜನರು ಮೊದಲ ಬಾರಿ ಕೇಳಿದರು. ಆದರೆ ಗಡುವನ್ನು ಎಣಿಸುವ ಲೆಕ್ಕಕ್ಕೆ ಮಂಜೂರಾತಿಯೂ ವಿಲೇವಾರಿ, ತಿರಸ್ಕಾರವೂ ವಿಲೇವಾರಿ. ಕೊನೆಯ ದಿನ ಒಂದು ದಾಖಲೆ ಕಡಿಮೆಯಿದೆ ಎಂದು ಅರ್ಜಿ ವಾಪಸ್ ಕಳಿಸಿದರೂ ಕಚೇರಿಯ ಅಂಕಿಅಂಶ ಚೆನ್ನಾಗಿ ಕಾಣುತ್ತದೆ. ಅರ್ಜಿದಾರರು ಆ ದಾಖಲೆ ತಂದರೆ ಮುಂದಿನ ಸಲ ಇನ್ನೊಂದು ಕಡಿಮೆಯಾಗುತ್ತದೆ. ಲಂಚದ ಬೀಜ ಮೊಳೆಯುವುದು ಈ ಅನಿಶ್ಚಿತತೆಯಲ್ಲಿ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಈಗಲೇ ಕೈ ಬಿಸಿ ಮಾಡದೆ ಕಡತ ಸರಿಯದು. ಇಂಥವರಿಗೆ ಅಧಿಕಾರವನ್ನೂ ಕೊಟ್ಟರೆ ಗತಿಯೇನು ಎಂದು ಓದುಗರು ಕೇಳಬಹುದು. ಲೋಕಾಯುಕ್ತದ ಬಲೆಗೆ ಬಿದ್ದ ಗುಮಾಸ್ತರ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅಂಥವರ ಪರ ವಾದಿಸುವ ಉದ್ದೇಶ ನನಗಿಲ್ಲ. ಕೂಲಿ ಬಿಟ್ಟು ಬಂದ ಹೆಂಗಸನ್ನು ‘ಸಾಹೇಬ್ರಿಲ್ಲ, ನಾಳೆ ಬಾ ಹೋಗು’ ಎಂದು ಏಕವಚನದಲ್ಲಿ ಅಟ್ಟುವ ದರ್ಪಕ್ಕೆ ಕೆಲಸದ ಹೊರೆ ಸಮಜಾಯಿಷಿಯಾಗದು. ಆದರೆ ಲಂಚದ ಮೂಲ ಯಾವುದು? ಬಹಿರಂಗವಾದ, ಹೆಸರಿರುವ, ಪ್ರಶ್ನಿಸಬಹುದಾದ ಅಧಿಕಾರದಲ್ಲಿ ಲಂಚ ಕೇಳುವುದು ಕಷ್ಟ. ‘ನನ್ನ ಕೈಯಲ್ಲಿ ಏನಿಲ್ಲ, ಮೇಲಿನವರನ್ನು ಕೇಳಬೇಕು’ ಎನ್ನುತ್ತಲೇ ಎಲ್ಲವನ್ನೂ ಹಿಡಿದಿಡಬಹುದಾದ ಜಾಗದಲ್ಲಿ ಅದು ಸಲೀಸು. ಮೇಲಿನವರ ಹೆಸರು ಹೇಳಿ ಕೆಳಗಿನವರು, ಕೆಳಗಿನವರ ಟಿಪ್ಪಣಿ ತೋರಿಸಿ ಮೇಲಿನವರು ಕೈತೊಳೆದುಕೊಳ್ಳುವ ಏರ್ಪಾಡು ಇದು. ವಿವೇಚನೆಯ ಅಧಿಕಾರವನ್ನು ಹೊಸದಾಗಿ ಹಂಚಿ ಎಂದು ನಾನು ಕೇಳುತ್ತಿಲ್ಲ. ಇರುವುದನ್ನು ಬಯಲಿಗೆ ತನ್ನಿ ಎನ್ನುತ್ತಿದ್ದೇನೆ.

ಈ ಮಾತು ಹೊಸದೇನೂ ಅಲ್ಲ. ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದ ಕೆಂಗಲ್ ಹನುಮಂತಯ್ಯನವರನ್ನು ಕನ್ನಡಿಗರೆಲ್ಲ ಬಲ್ಲರು. ಅವರೇ ಮುಂದೆ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆರಂಭವಾದ ಆಯೋಗ, ಮರುವರ್ಷ ಅವರು ಕೇಂದ್ರ ಸಂಪುಟ ಸೇರಿದಾಗ ಹನುಮಂತಯ್ಯನವರ ಕೈಗೆ ಬಂತು. ಕಡತ ಗುಮಾಸ್ತರ ಟಿಪ್ಪಣಿಯಿಂದ ಹೊರಟು ಹಂತ ಹಂತವಾಗಿ ಮೇಲೇರುವ ಪದ್ಧತಿಯ ಬದಲು, ವಿಷಯ ಬಲ್ಲ ಒಬ್ಬ ಅಧಿಕಾರಿಯೇ ಮೇಜಿನಲ್ಲಿ ಕೂತು ಪರಿಶೀಲಿಸಿ ತನ್ನ ಮಟ್ಟದ್ದನ್ನು ತಾನೇ ವಿಲೇ ಮಾಡುವ ‘ಡೆಸ್ಕ್ ಆಫೀಸರ್’ ಪದ್ಧತಿಯನ್ನು ಆ ಆಯೋಗ ಶಿಫಾರಸು ಮಾಡಿತು. ಕೇಂದ್ರ ಸಚಿವಾಲಯ 1970ರ ದಶಕದಲ್ಲಿ ಅದನ್ನು ಭಾಗಶಃ ಜಾರಿಗೆ ತಂದಿತು. ಹನುಮಂತಯ್ಯನವರ ಸ್ವಂತ ರಾಜ್ಯದ ತಾಲ್ಲೂಕು ಕಚೇರಿಗೆ ಅದರ ಗಾಳಿ ಹೆಚ್ಚು ಬೀಸಿದಂತಿಲ್ಲ. ಕಲ್ಲಿನ ಮೇಲಿನ ಮಾತನ್ನು ಉಳಿಸಿಕೊಂಡೆವು, ಕಾಗದದ ಮೇಲಿನ ಮಾತನ್ನು ಮರೆತೆವು.

ಅಭಿಲೇಖಾಲಯದ, ಅಂದರೆ ರೆಕಾರ್ಡ್ ರೂಮಿನ ಕಥೆಯನ್ನೂ ಇಲ್ಲೇ ಹೇಳಬೇಕು. ವಿಲೇಯಾದ ಕಡತಕ್ಕೆ ವರ್ಗ ನಿಗದಿ ಮಾಡಬೇಕು. ಎ ವರ್ಗದ್ದಾದರೆ ಶಾಶ್ವತವಾಗಿ ಇಡಬೇಕು, ಕೆಳಗಿನ ವರ್ಗಗಳದ್ದನ್ನು ಅವಧಿ ಮುಗಿದ ಮೇಲೆ ನಾಶಪಡಿಸಬಹುದು. ಈ ಗುರುತನ್ನು ಹಾಕಲು ಪ್ರಸ್ತಾಪಿಸುವವರೂ ಪಟ್ಟಿ ಬರೆದು ಕಟ್ಟು ಕಟ್ಟುವವರೂ ಗುಮಾಸ್ತರೇ. ಭೂಮಂಜೂರಾತಿ ಕಡತವೊಂದು ತಪ್ಪು ವರ್ಗಕ್ಕೆ ಹೋದರೆ ನಲವತ್ತು ವರ್ಷದ ನಂತರ ಒಂದು ದಲಿತ ಕುಟುಂಬ ತನ್ನ ಜಮೀನಿನ ಹಕ್ಕನ್ನು ಸಾಬೀತು ಮಾಡಲಾರದೆ ಹೋಗಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡಬೇಕೆಂದು ಪ್ರತಿ ಕಚೇರಿಗೂ ಹೇಳಿದೆ. ಮಾಹಿತಿ ನಿರಾಕರಿಸಬಹುದಾದ ಕಾರಣಗಳು 8 ಮತ್ತು 9ನೇ ಕಲಂಗಳಲ್ಲಿವೆ. ‘ಕಡತ ಲಭ್ಯವಿರುವುದಿಲ್ಲ’ ಎಂಬುದು ಅವುಗಳಲ್ಲಿ ಇಲ್ಲ. ಆದರೂ ಆ ಉತ್ತರ ಬರುತ್ತಲೇ ಇದೆ. ಈಗ ‘ಭೂ ಸುರಕ್ಷಾ’ ಯೋಜನೆಯಲ್ಲಿ ಕಂದಾಯ ಇಲಾಖೆಯ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಮೆಚ್ಚಬೇಕಾದ ಕೆಲಸ. ಆದರೆ ಯಾವ ಪುಟ ಯಾವ ಕಡತದ್ದು, ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ಗುರುತಿಸದೆ ಸ್ಕ್ಯಾನ್ ಮಾಡಿದರೆ, ಕಪಾಟಿನಲ್ಲಿ ಕಳೆದುಹೋಗಿದ್ದ ಕಾಗದ ಕಂಪ್ಯೂಟರಿನಲ್ಲಿ ಕಳೆದುಹೋಗುತ್ತದೆ. ಹಳೆಯ ಮೋಡಿ ಅಕ್ಷರ, ಕಂದಾಯದ ಪಾರಿಭಾಷಿಕ ಪದ ಓದಬಲ್ಲ ಕೈಗಳು ಒಂದೊಂದಾಗಿ ನಿವೃತ್ತಿಯಾಗುತ್ತಿವೆ.

ಭಾಷೆಯ ವಿಷಯದಲ್ಲೂ ಈ ಮೇಜಿನ ಪಾತ್ರವನ್ನು ನಾವು ಗಮನಿಸಿಲ್ಲ. ರಾಜ್ಯದ 1963ರ ರಾಜಭಾಷಾ ಕಾಯ್ದೆಯ ನಂತರ ಆಡಳಿತ ಕನ್ನಡಕ್ಕಾಗಿ ಸಮಿತಿಗಳು, ಪ್ರಾಧಿಕಾರ, ಪದಕೋಶ ಎಲ್ಲ ಬಂದವು. ಹಳ್ಳಿಯ ಮನೆಗೆ ಅಂಚೆಯಲ್ಲಿ ಬರುವ ಸರ್ಕಾರಿ ಕನ್ನಡವೆಂದರೆ ಹಿಂಬರಹ, ಅಂದರೆ ಅರ್ಜಿಗೆ ಸರ್ಕಾರ ಕೊಡುವ ಉತ್ತರ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ, ಅರ್ಧ ಪುಟ ಉದ್ದದ ಒಂದೇ ವಾಕ್ಯದಲ್ಲಿ ಸಾಗಿ, ‘ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ’ ಎಂದು ಮುಗಿಯುವ ಕಾಗದವನ್ನು ಓದಿಸಿಕೊಳ್ಳಲು ಜನ ಮತ್ತೆ ಯಾರದೋ ಮನೆಗೆ ಹೋಗುತ್ತಾರೆ. ಯಾವ ನಿಯಮ, ಯಾಕೆ ಅವಕಾಶವಿಲ್ಲ, ಮೇಲ್ಮನವಿ ಎಲ್ಲಿಗೆ ಎಂಬುದು ಅದರಲ್ಲಿ ಇರುವುದಿಲ್ಲ. ಆಡಳಿತದಲ್ಲಿ ಕನ್ನಡ ಉಳಿಯಬೇಕಾದರೆ ಎಸ್‌ಡಿಎಗಳಿಗೆ ಚಿಕ್ಕ ವಾಕ್ಯ ಬರೆಯುವುದನ್ನು ಕಲಿಸಿದರೂ ಅರ್ಧ ಕೆಲಸವಾದಂತೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ವಿವೇಚನೆಗೆ ಜಾಗವೇ ಇಲ್ಲದ, ದಾಖಲೆ ಸರಿ ಇದ್ದರೆ ಕೊಡಲೇಬೇಕಾದ ಸೇವೆಗಳನ್ನು ಪಟ್ಟಿ ಮಾಡಿ, ಅವುಗಳಿಗೆ ಕೆಳಹಂತದಲ್ಲೇ ಸಹಿಯ ಅಧಿಕಾರ ಕೊಡಬೇಕು. ಉಳಿದ ಕಡತಗಳು ಮೂರು ಹಂತಕ್ಕಿಂತ ಹೆಚ್ಚು ಏರಬಾರದು. ಎರಡನೆಯದಾಗಿ, ಅರ್ಜಿಯಲ್ಲಿನ ಕೊರತೆಗಳನ್ನೆಲ್ಲ ಮೊದಲ ಸಲವೇ ಒಟ್ಟಿಗೆ ತಿಳಿಸಬೇಕು, ಆಮೇಲೆ ಹೊಸ ತಕರಾರು ತೆಗೆಯುವಂತಿಲ್ಲ ಎಂಬ ನಿಯಮ ಬರಬೇಕು. ಮೂರನೆಯದಾಗಿ, ಪ್ರತಿ ಹಿಂಬರಹದಲ್ಲೂ ಸಹಿ ಮಾಡಿದ ಅಧಿಕಾರಿಯ ಜೊತೆಗೆ ವಿಷಯ ನಿರ್ವಾಹಕರ ಹೆಸರು ಇರಬೇಕು. ಇ-ಆಫೀಸ್‌ನಲ್ಲಿ ಕಡತ ಯಾರ ಬಳಿ ಎಷ್ಟು ದಿನ ಇತ್ತೆಂಬುದು ಕಚೇರಿಗೆ ಈಗಾಗಲೇ ಕಾಣುತ್ತದೆ, ಅದು ಅರ್ಜಿದಾರರಿಗೂ ಕಾಣಬೇಕು. ಹೆಸರು ಬಿದ್ದರೆ ತಪ್ಪಿಗೆ ಹೊಣೆಯೂ ಬರುತ್ತದೆ, ಒಳ್ಳೆಯ ಕೆಲಸಕ್ಕೆ ಮನ್ನಣೆಯೂ ಸಿಗುತ್ತದೆ. ನಾಲ್ಕನೆಯದಾಗಿ, ನೇಮಕವಾದವರನ್ನು ಮೇಜಿಗೆ ಕೂರಿಸುವ ಮುನ್ನ ಮೂರು ತಿಂಗಳಾದರೂ ಟಿಪ್ಪಣಿ, ಕರಡು, ಕಂದಾಯ ಕಾನೂನು, ಮಾಹಿತಿ ಹಕ್ಕು, ದಾಖಲೆ ನಿರ್ವಹಣೆ ಕಲಿಸಬೇಕು. ಆಯ್ಕೆಯ ಪರೀಕ್ಷೆಯಲ್ಲೂ ಟಿಪ್ಪಣಿ ಬರೆಯುವ ಒಂದು ಪ್ರಶ್ನೆ ಅಂಕಕ್ಕೆ ಸೇರಬೇಕು. ಐದನೆಯದಾಗಿ, ಖಾಲಿ ಹುದ್ದೆಗಳ ನೇಮಕಾತಿಗೆ ವರ್ಷಕ್ಕೊಂದು ನಿಗದಿತ ವೇಳಾಪಟ್ಟಿ ಇರಬೇಕು. ವಿವೇಚನೆ ಬೇಡುವ ಮೇಜುಗಳಿಗೆ ಹೊರಗುತ್ತಿಗೆ ಸಲ್ಲದು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎನ್ನಬಹುದು. ಐದರಲ್ಲಿ ಮೊದಲ ಮೂರಕ್ಕೆ ದುಡ್ಡೇ ಬೇಡ, ಒಂದೊಂದು ಸರ್ಕಾರಿ ಆದೇಶ ಸಾಕು. ಉಳಿದೆರಡಕ್ಕೆ ಬೇಕಾದ ಖರ್ಚು, ತಪ್ಪು ಟಿಪ್ಪಣಿಗಳಿಂದ ಹುಟ್ಟಿ ಸಿವಿಲ್ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಕೊಳೆಯುವ ಭೂವ್ಯಾಜ್ಯಗಳಿಗೆ ಜನ ತೆರುತ್ತಿರುವ ಬೆಲೆಗೆ ಹೋಲಿಸಿದರೆ ದೊಡ್ಡದಲ್ಲ. ಹೊಸ ಯೋಜನೆಗಳನ್ನು ಘೋಷಿಸುವ ಉತ್ಸಾಹದಲ್ಲಿ ಸರ್ಕಾರಗಳು ಅವನ್ನು ಜಾರಿ ಮಾಡುವ ಮೇಜನ್ನು ಮರೆಯುತ್ತ ಬಂದಿವೆ. ಮುಂದಿನ ಬಾರಿ ಮತ ಕೇಳಲು ಬಂದವರಿಗೆ ಹೊಸ ಯೋಜನೆ ಯಾವುದೆಂದು ಕೇಳುವ ಮೊದಲು, ನಮ್ಮ ತಾಲ್ಲೂಕು ಕಚೇರಿಯಲ್ಲಿ ಎಷ್ಟು ಗುಮಾಸ್ತರ ಹುದ್ದೆ ಖಾಲಿ ಇವೆ, ಯಾವಾಗ ತುಂಬುತ್ತೀರಿ, ಏನು ಕಲಿಸಿ ಕೂರಿಸುತ್ತೀರಿ ಎಂದು ಓದುಗರು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಡಲಾರದ ಸರ್ಕಾರ ಯಾವ ಭರವಸೆಯನ್ನೂ ಈಡೇರಿಸಲಾರದು.